ಯಂತ್ರದ ಚೀಟಿಯೂ ತಾಳೆ ನೋಡುವವರ ಹೊಣೆಯೂ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಫಲಕದ ಮೇಲೆ ಓದಿದ ಕೆಲವರು, “ಗಿರಣಿಯ ಗುಮಾಸ್ತರಿಗೂ ಕಂಪ್ಯೂಟರಿನ ಒಳಗುಟ್ಟಿಗೂ ಏನು ನಂಟು?” ಎಂದು ನಕ್ಕದ್ದುಂಟು. ನಗುವುದು ಸಹಜವೇ. ಈ ಕೊಠಡಿಯಲ್ಲಿ ನಾವು ಸಾಮಾನ್ಯವಾಗಿ ಭವಿಷ್ಯನಿಧಿಯ ವಿಷಯ, ಮಕ್ಕಳ ಶಾಲೆಯ ವಿಷಯ, ಊರಿನ ಸುದ್ದಿ, ಹೊಸದಾಗಿ ಬಂದ ಪುಸ್ತಕ, ಇವುಗಳನ್ನೇ ಮಾತನಾಡುತ್ತೇವೆ. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಈ ಕೊಠಡಿಗೆ ಪತ್ರಿಕೆ ಓದಲು ಬರುವ ತರುಣರಲ್ಲಿ ಕೆಲವರು ನೋಯ್ಡಾ, ಗ್ರೇಟರ್ ನೋಯ್ಡಾಗಳ ಕಚೇರಿಗಳಲ್ಲಿ ಇದೇ ಕೆಲಸ ಮಾಡುತ್ತಾರೆ. “ಮಗ ಕಂಪ್ಯೂಟರಿನಲ್ಲಿದ್ದಾನೆ” ಎಂಬುದಷ್ಟೇ ಅವರ ತಂದೆತಾಯಿಗಳಿಗೆ ಗೊತ್ತು. ಅವನು ದಿನವಿಡೀ ಏನನ್ನು ನೋಡುತ್ತಾನೆ, ಏಕೆ ರಾತ್ರಿಯೆಲ್ಲ ಕೂರುತ್ತಾನೆ ಎಂಬುದು ತಿಳಿಯದು. ಎರಡನೆಯದು, ಆ ಕೆಲಸದ ತಿರುಳು ಗುಮಾಸ್ತರಾದ ನಮಗೆ ಹೊಸದೇನೂ ಅಲ್ಲ. ಒಬ್ಬರು ಬರೆದುದನ್ನು ಇನ್ನೊಬ್ಬರು ತಾಳೆ ನೋಡಿ ರುಜು ಹಾಕುವುದು, ಅಷ್ಟೇ. ಆ ತರುಣರು ಬಿಡಿಸಿ ಹೇಳಿದ್ದನ್ನೂ ನಾವು ಓದಿ ತಿಳಿದದ್ದನ್ನೂ ಕೂಡಿಸಿ ನಮ್ಮ ಮಾತಿನಲ್ಲಿ ತಮ್ಮ ಮುಂದೆ ಇಡುತ್ತಿದ್ದೇವೆ.

ಯಂತ್ರ ಹೇಗೆ ಏಳುತ್ತದೆ?

ಗಿರಣಿ ಬೆಳಿಗ್ಗೆ ಹೇಗೆ ಶುರುವಾಗುತ್ತದೆ, ನೋಡಿ. ಮೊದಲು ಕಾವಲುಗಾರ ಬಂದು ಬೀಗ ತೆಗೆಯುತ್ತಾನೆ. ಅವನಿಗೆ ಗೊತ್ತಿರುವುದು ಬೀಗ, ಬಾಗಿಲು, ದೀಪದ ಗುಂಡಿ ಇಷ್ಟೇ. ಅನಂತರ ಮೇಸ್ತ್ರಿ ಬಂದು ಯಾವ ಸಾಲು ನಡೆಯಬೇಕು, ಯಾವ ಮೋಟಾರು ಮೊದಲು ಎಂದು ನೋಡಿ ಯಂತ್ರಗಳನ್ನು ಎಬ್ಬಿಸುತ್ತಾನೆ. ಆಮೇಲೆ ಮ್ಯಾನೇಜರು ಬರುತ್ತಾರೆ, ದಿನದ ಆಡಳಿತ ಅವರದು. ಇಂಟರ್‌ನೆಟ್ ಕೊಡುವ ರೂಟರು, ಟೆಲಿವಿಷನ್ನಿನ ಪೆಟ್ಟಿಗೆ, ಹಾಜರಿ ಯಂತ್ರ ಮೊದಲಾದ ಪುಟ್ಟ ಗಣಕಗಳೊಳಗೂ ಇದೇ ಏರ್ಪಾಡು. ಚಿಪ್ಪಿನೊಳಗೆ ಅಚ್ಚಾಗಿರುವ ಚಿಕ್ಕ ಪ್ರೋಗ್ರಾಂ ಕಾವಲುಗಾರ. ಲಿನಕ್ಸ್‌ನಂಥ ದೊಡ್ಡ ವ್ಯವಸ್ಥೆ ಮ್ಯಾನೇಜರು. ನಡುವಿನ ಮೇಸ್ತ್ರಿಗೆ ಬೂಟ್‌ಲೋಡರ್ ಎಂದು ಹೆಸರು.

ಈ ಮೇಸ್ತ್ರಿಗಳಲ್ಲಿ ಬಹು ಪ್ರಸಿದ್ಧವಾದದ್ದು ಯೂ-ಬೂಟ್. ಜರ್ಮನಿಯ ವುಲ್ಫ್‌ಗ್ಯಾಂಗ್ ಡೆಂಕ್ ಎಂಬ ಎಂಜಿನಿಯರರು ಇದನ್ನು 2000ದಲ್ಲಿ ಪಿಪಿಸಿಬೂಟ್ ಎಂಬ ಹೆಸರಿನಿಂದ ಹೊರತಂದರು. ಆಗ ಅದು ಪವರ್‌ಪಿಸಿ ಎಂಬ ಒಂದೇ ಜಾತಿಯ ಚಿಪ್ಪುಗಳಿಗೆ ಮೀಸಲಾಗಿತ್ತು. ಬೇರೆ ಜಾತಿಗಳಿಗೂ ಹಬ್ಬಿದ ಮೇಲೆ 2002ರಲ್ಲಿ ಯೂ-ಬೂಟ್ ಎಂದು ಹೆಸರು ಬದಲಾಯಿತು. ಜರ್ಮನ್ ಭಾಷೆಯಲ್ಲಿ ಆ ಶಬ್ದಕ್ಕೆ ಜಲಾಂತರ್ಗಾಮಿ ನೌಕೆ ಎಂಬ ಅರ್ಥವೂ ಇದೆ. ನೀರಿನಡಿಯಲ್ಲಿದ್ದು ಕಣ್ಣಿಗೆ ಬೀಳದೆ ಕೆಲಸ ಮಾಡುವ ಇದಕ್ಕೆ ಆ ಹೆಸರು ಒಪ್ಪುತ್ತದೆ. ಡೆಂಕ್ ಅವರು 2022ರಲ್ಲಿ ತೀರಿಕೊಂಡರು. ಅವರ ಪ್ರೋಗ್ರಾಂ ಇಂದಿಗೂ ಬೆಳೆಯುತ್ತಿದೆ. ಅದರ ಪರವಾನಗಿಯ ಪ್ರಕಾರ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಬೆಂಗಳೂರಿಗೆ 1985ರಲ್ಲಿಯೇ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ನಮ್ಮ ನೆರೆಯ ನೋಯ್ಡಾದಲ್ಲಿರುವ ಎನ್‌ಎಕ್ಸ್‌ಪಿ, ಗ್ರೇಟರ್ ನೋಯ್ಡಾದ ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್, ಇಂಥ ಕಂಪನಿಗಳ ಚಿಪ್ಪುಗಳಿಗೆ ಯೂ-ಬೂಟನ್ನು ಹೊಂದಿಸುವ ಕೆಲಸದಲ್ಲಿ ಭಾರತದ ಎಂಜಿನಿಯರರ ಪಾಲು ಸಣ್ಣದಲ್ಲ.

ಮೇಸ್ತ್ರಿಯ ಚೀಟಿ

ಮೇಸ್ತ್ರಿಗೆ ಎಲ್ಲವೂ ಬಾಯಿಪಾಠ ಬರುವುದಿಲ್ಲ. ಅವನ ಕಿಸೆಯಲ್ಲಿ ಒಂದು ಚೀಟಿ ಇರುತ್ತದೆ. ಯೂ-ಬೂಟಿನ ಚೀಟಿಗೆ ‘ಎನ್ವಿರಾನ್‌ಮೆಂಟ್’ ಎನ್ನುತ್ತಾರೆ. ಅದರಲ್ಲಿರುವುದು ಸಾಲು ಸಾಲಾಗಿ ಹೆಸರು, ಸಮಚಿಹ್ನೆ, ಬೆಲೆ. ‘ಬೂಟ್‌ಡಿಲೇ’ ಎಂದರೆ ತಾನಾಗಿಯೇ ಹೊರಡುವ ಮುನ್ನ ಎಷ್ಟು ಸೆಕೆಂಡು ಕಾಯಬೇಕು ಎಂಬುದು. ‘ಬೂಟ್‌ಸಿಎಂಡಿ’ ಎಂದರೆ ಹೊರಡುವಾಗ ಏನೇನು ಮಾಡಬೇಕು ಎಂಬ ಆಜ್ಞೆ. ‘ಬೂಟ್‌ಆರ್ಗ್ಸ್’ ಎಂದರೆ ಮ್ಯಾನೇಜರಿಗೆ, ಅಂದರೆ ಲಿನಕ್ಸಿಗೆ, ಒಪ್ಪಿಸಬೇಕಾದ ಮಾತು. ‘ಸರ್ವರ್‌ಐಪಿ’ ಎಂದರೆ ಯಾವ ವಿಳಾಸದ ದೊಡ್ಡ ಗಣಕವನ್ನು ಕೇಳಬೇಕು ಎಂಬುದು. ‘ಈಥ್‌ಅಡ್ರ್’ ಎಂದರೆ ಜಾಲದಲ್ಲಿ ಆ ಯಂತ್ರದ ಸ್ವಂತ ಗುರುತಿನ ಸಂಖ್ಯೆ.

ಚೀಟಿಯನ್ನು ತಿದ್ದುವುದರಲ್ಲಿ ಎರಡು ಹಂತಗಳಿವೆ. ಕಚ್ಚಾ ವಹಿ, ಪಕ್ಕಾ ವಹಿ ಎಂದು ನಾವು ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ‘ಸೆಟ್‌ಎನ್ವಿ’ ಎಂಬ ಆಜ್ಞೆ ಕೊಟ್ಟರೆ ತಿದ್ದುಪಡಿ ಕಚ್ಚಾ ವಹಿಯಲ್ಲಿ ಮಾತ್ರ ಆಗುತ್ತದೆ. ಯಂತ್ರ ಆರಿದರೆ ಅದೂ ಅಳಿಯಿತು. ‘ಸೇವ್‌ಎನ್ವಿ’ ಎಂದಾಗಲೇ ಪಕ್ಕಾ ವಹಿಗೆ ಏರುತ್ತದೆ. ಪಕ್ಕಾ ವಹಿಯ ನೆತ್ತಿಯಲ್ಲಿ 4 ಬೈಟುಗಳ ಒಂದು ತಾಳೆ ಸಂಖ್ಯೆ ಇರುತ್ತದೆ. ಅದಕ್ಕೆ ಸಿಆರ್‌ಸಿ ಎಂದು ಹೆಸರು. ಪುಟದಲ್ಲಿ ಒಂದು ಅಕ್ಷರ ಕೆಟ್ಟರೂ ಈ ಸಂಖ್ಯೆ ಕೂಡಿಬರುವುದಿಲ್ಲ. ಕೂಡಿಬರದಿದ್ದರೆ ಯೂ-ಬೂಟ್ ಆ ಪುಟವನ್ನೇ ನಂಬದೆ, ಕಾರ್ಖಾನೆಯಲ್ಲಿ ತನ್ನೊಳಗೆ ಹಾಕಿಕೊಟ್ಟ ಮೂಲ ಚೀಟಿಯನ್ನು ತೆಗೆದುಕೊಂಡು ಮುಂದೆ ಹೋಗುತ್ತದೆ. ನಮ್ಮ ಜಮಾ-ಖರ್ಚಿನ ಪುಟದಲ್ಲಿ ಮೊತ್ತ ಕೂಡದಿದ್ದರೆ ಪುಟವನ್ನು ಬದಿಗಿಟ್ಟಂತೆಯೇ ಇದು.

ಇದರಲ್ಲಿ ಕಾರ್ಮಿಕನಿಗೆ ಏನು?

ಇದೆಲ್ಲ ಎಂಜಿನಿಯರರ ಚಿಂತೆ, ನಮಗೇಕೆ ಎನ್ನುವವರಿಗೆ ಒಂದು ಸಂಗತಿ ಹೇಳುತ್ತೇವೆ. ನಾವು ಬಲ್ಲ ಒಂದು ಗಿರಣಿಯಲ್ಲಿ ಹಾಜರಿ ಯಂತ್ರದ ವಿಳಾಸವನ್ನು ಬದಲಿಸಿ ಉಳಿಸುತ್ತಿರುವಾಗಲೇ ವಿದ್ಯುತ್ ಹೋಯಿತು. ಬೇಸಗೆಯಲ್ಲಿ ನಮ್ಮ ಕಡೆ ವಿದ್ಯುತ್ ಹೋಗುವುದನ್ನು ಹೇಳಬೇಕಾದ್ದೇ ಇಲ್ಲ. ವಿದ್ಯುತ್ ಬಂದ ಮೇಲೆ ಯಂತ್ರ ಎದ್ದಿತು, ದೀಪ ಉರಿಯಿತು. ಕೆಲಸದವರು ಬೆರಳೊತ್ತಿದಾಗ ಹಸಿರು ಬೆಳಕೂ ಬಂದಿತು. ಆದರೆ ಪುಟ ಅರ್ಧ ಬರೆದು ಕೆಟ್ಟಿದ್ದುದರಿಂದ ಯಂತ್ರ ಕಾರ್ಖಾನೆಯ ಮೂಲ ಚೀಟಿಯನ್ನು ಹಿಡಿದಿತ್ತು. ಅದರಲ್ಲಿದ್ದ ವಿಳಾಸದಲ್ಲಿ ಈ ಗಿರಣಿಯ ಗಣಕವೇ ಇರಲಿಲ್ಲ. ಮೂರು ದಿನದ ರಾತ್ರಿ ಪಾಳಿಯವರ ಹಾಜರಿ ಕಚೇರಿಗೆ ತಲಪದೆ, ಪಟ್ಟಿಯಲ್ಲಿ ಗೈರುಹಾಜರಿ ಎಂದು ಬಂದಿತು. ದಿನಗೂಲಿಯವರಿಗೆ ಮೂರು ದಿನ ಎಂದರೇನು ಎಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಗೇಟಿನ ಕಾವಲುಗಾರರು ಹಳೆಯ ವಾಡಿಕೆಯಂತೆ ಕೈಯಲ್ಲಿ ಬರೆದಿಟ್ಟಿದ್ದ ವಹಿ ಇದ್ದುದರಿಂದ ಕೂಲಿ ಉಳಿಯಿತು. ಯಂತ್ರವನ್ನು ರಿಪೇರಿ ಮಾಡಲು ಬಂದವರು ಅದರಲ್ಲಿ ಪುಟದ ಒಂದೇ ಪ್ರತಿ ಇತ್ತೆಂದು ಹೇಳಿದರು. ಎರಡು ಪ್ರತಿ ಇಡುವ ಏರ್ಪಾಡು ಯೂ-ಬೂಟಿನಲ್ಲಿ ಬಹುಕಾಲದಿಂದ ಇದೆ. ಅದನ್ನು ಬೇಕೆಂದು ಆರಿಸಿಕೊಳ್ಳಬೇಕು, ಅಷ್ಟೇ.

ಆದುದರಿಂದ ಚೀಟಿಯನ್ನು ಓದುವ, ಬರೆಯುವ ಕೋಡಿನಲ್ಲಿ ಯಾರಾದರೂ ನಾಲ್ಕು ಸಾಲು ತಿದ್ದಿದರೆ, ಅದನ್ನು ತಾಳೆ ನೋಡುವವರ ಕೈಯಲ್ಲಿ ಕಾಣದ ಊರಿನ ಕಾಣದ ಜನರ ಕೂಲಿ ಇದೆ ಎನ್ನಬೇಕು. ಅವರು ಕೇಳತಕ್ಕ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಪ್ರಶ್ನೆ: ಹಳೆಯ ಯಂತ್ರಗಳ ಗತಿ ಏನು?

ತಿದ್ದುಪಡಿಯಲ್ಲಿ ಒಂದೇ ಸಾಲು: ಚೀಟಿಯ ಅಳತೆ 8192 ಬೈಟ್ ಇದ್ದದ್ದು 16384 ಆಗಿದೆ. ಜಾಗ ಹೆಚ್ಚಾಯಿತು, ಒಳ್ಳೆಯದೇ ಅಲ್ಲವೇ ಎಂದು ಕಣ್ಣು ಹಾಯಿಸಿ ರುಜು ಹಾಕಿಬಿಡಬಹುದು. ಆದರೆ ತಾಳೆ ಸಂಖ್ಯೆಯನ್ನು ಲೆಕ್ಕ ಹಾಕುವುದು ಇಡೀ ಅಳತೆಯ ಮೇಲೆ, ಬರೆದ ಸಾಲುಗಳ ಮೇಲಷ್ಟೇ ಅಲ್ಲ. ಊರೂರುಗಳಲ್ಲಿ ಈಗಾಗಲೇ ನಡೆಯುತ್ತಿರುವ ಯಂತ್ರಗಳಲ್ಲಿ 8192ರ ಮೇಲೆ ಹಾಕಿದ ಸಂಖ್ಯೆ ಇದೆ. ಹೊಸ ಪ್ರೋಗ್ರಾಂ 16384ರ ಮೇಲೆ ಕೂಡಿಸಿ ನೋಡುತ್ತದೆ, ಕೂಡಿಬರುವುದಿಲ್ಲ, ಪುಟ ಕೆಟ್ಟಿದೆ ಎಂದು ಮೂಲ ಚೀಟಿಗೆ ಹೋಗುತ್ತದೆ. ಏನೂ ಕೆಡದಿದ್ದರೂ ಎಲ್ಲ ಯಂತ್ರಗಳೂ ಒಂದೇ ದಿನ ತಮ್ಮ ವಿಳಾಸ ಮರೆಯುತ್ತವೆ! ಒಂದು ಪ್ರತಿಯಿಂದ ಎರಡು ಪ್ರತಿಗೆ ಹೋಗುವಾಗಲೂ ಹೀಗೆಯೇ. ಎರಡು ಪ್ರತಿಯ ಪುಟದಲ್ಲಿ ತಾಳೆ ಸಂಖ್ಯೆಯ ಪಕ್ಕದಲ್ಲಿ 1 ಬೈಟಿನ ಗುರುತು ಹೆಚ್ಚಾಗಿ ಬರುತ್ತದೆ. ಆ ಒಂದು ಬೈಟಿನಿಂದ ಹಿಂದಿನ ಬರವಣಿಗೆಯೆಲ್ಲ ಒಂದು ಮನೆ ಪಕ್ಕಕ್ಕೆ ಸರಿದಂತಾಗಿ ಓದಲು ಬರುವುದಿಲ್ಲ. ಇದಲ್ಲದೆ ಲಿನಕ್ಸಿನ ಕಡೆಯಿಂದ ಇದೇ ಪುಟವನ್ನು ಓದುವ ಬೇರೆ ಸಲಕರಣೆಗಳಿವೆ. ಅವುಗಳಿಗೂ ಅಳತೆ, ಸ್ಥಳಗಳನ್ನು ಬೇರೆಯಾಗಿ ಬರೆದುಕೊಟ್ಟಿರುತ್ತಾರೆ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟರೆ ಒಂದೇ ವಹಿಗೆ ಇಬ್ಬರು ಗುಮಾಸ್ತರು ಬೇರೆ ಬೇರೆ ಗೀಟು ಹಾಕಿದಂತೆ.

ಎರಡನೆಯ ಪ್ರಶ್ನೆ: ತಿದ್ದಿದ್ದು ತಲಪುತ್ತದೆಯೇ?

ಇದು ಮೇಲಿನದಕ್ಕೆ ವಿರುದ್ಧವಾದ ದೋಷ. ಮೂಲ ಚೀಟಿಯ ಬೂಟ್‌ಸಿಎಂಡಿಯಲ್ಲಿ ತಪ್ಪಿತ್ತು, ಅದನ್ನು ತಿದ್ದಿದ್ದೇವೆ ಎಂದು ಒಬ್ಬರು ಬರೆದುಕೊಡುತ್ತಾರೆ. ಬರವಣಿಗೆ ಸರಿ, ವ್ಯಾಕರಣ ಸರಿ. ಆದರೆ ಒಮ್ಮೆ ‘ಸೇವ್‌ಎನ್ವಿ’ ಮಾಡಿದ ಯಂತ್ರ ಮೂಲ ಚೀಟಿಯನ್ನು ನೋಡುವುದೇ ಇಲ್ಲ, ಉಳಿಸಿದ ಪುಟವನ್ನೇ ಓದುತ್ತದೆ. ಆ ಪುಟದಲ್ಲಿ ಹಳೆಯ ತಪ್ಪು ಹಾಗೆಯೇ ಕುಳಿತಿದೆ. ಮೇಜಿನ ಮೇಲಿನ ಹೊಸ ಯಂತ್ರದಲ್ಲಿ ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಳ್ಳಿಯಲ್ಲಿರುವ ಹಳೆಯ ಯಂತ್ರಕ್ಕೆ ಪ್ರಯೋಜನವಿಲ್ಲ. ಸರ್ಕಾರದ ಹೊಸ ಆಜ್ಞೆ ದೆಹಲಿಯ ಕಡತದಲ್ಲಿದ್ದು ತಾಲ್ಲೂಕಿಗೆ ಹೋಗದಿದ್ದರೆ ರೈತನಿಗೆ ಏನು ಫಲ? ಹಾಗೆಯೇ ಇದು.

ಮೂರನೆಯ ಪ್ರಶ್ನೆ: ನಡುವೆ ವಿದ್ಯುತ್ ಹೋದರೆ?

ಫ್ಲ್ಯಾಶ್ ಎಂಬ ಸಂಗ್ರಹದಲ್ಲಿ ಹೊಸದನ್ನು ಬರೆಯುವ ಮೊದಲು ಒಂದು ಇಡೀ ಭಾಗವನ್ನು ಒರೆಸಬೇಕಾಗುತ್ತದೆ. ಒರೆಸಿದ ಮೇಲೆ, ಬರೆದು ಮುಗಿಸುವ ಮುಂಚೆ, ಅಲ್ಲಿ ಏನೂ ಇರುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದುದರಿಂದಲೇ ಎರಡು ಪ್ರತಿ. ಹೊಸದನ್ನು ಯಾವಾಗಲೂ ಬಳಕೆಯಲ್ಲಿಲ್ಲದ ಪ್ರತಿಯ ಜಾಗದಲ್ಲಿ ಬರೆಯಬೇಕು. ಅದು ಪೂರ್ತಿಯಾಗುವ ತನಕ ಹಳೆಯದನ್ನು ಮುಟ್ಟಬಾರದು. ತಾಳೆ ನೋಡುವವರು ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು, “ಇಲ್ಲಿ ವಿದ್ಯುತ್ ಹೋಯಿತು ಎನ್ನೋಣ, ಈಗ ಎರಡರಲ್ಲಿ ಒಂದಾದರೂ ಸರಿಯಾಗಿದೆಯೇ?” ಎಂದು ಕೇಳಬೇಕು. ಒಂದೇ ಒಂದು ಸಾಲಿನಲ್ಲಿ “ಇಲ್ಲ” ಎಂದು ಉತ್ತರ ಬಂದರೂ ತಿದ್ದುಪಡಿಯನ್ನು ಹಿಂದಕ್ಕೆ ಕಳಿಸತಕ್ಕದ್ದು.

ನಾಲ್ಕನೆಯ ಪ್ರಶ್ನೆ: ಎಣಿಕೆ ಮುಗಿದಾಗ?

ಎರಡು ಪ್ರತಿಗಳೂ ಸರಿಯಾಗಿದ್ದರೆ ಯಾವುದು ಹೊಸದು? ಅದಕ್ಕಾಗಿಯೇ ಆ 1 ಬೈಟಿನ ಗುರುತು. ಅನೇಕ ಬಗೆಯ ಸಂಗ್ರಹಗಳಲ್ಲಿ ಅದು ಪ್ರತಿಸಲ ಉಳಿಸಿದಾಗಲೂ ಒಂದೊಂದಾಗಿ ಏರುವ ಕ್ರಮಸಂಖ್ಯೆ. ದೊಡ್ಡ ಸಂಖ್ಯೆಯುಳ್ಳದ್ದೇ ಹೊಸದು. ಇದರಲ್ಲಿ ಒಂದು ಬಲೆ ಇದೆ. ಒಂದು ಬೈಟಿನಲ್ಲಿ 0ಯಿಂದ 255ರ ವರೆಗೆ ಮಾತ್ರ ಎಣಿಸಬಹುದು. 255 ಆದ ಮೇಲೆ ಮತ್ತೆ 0. ಆಗ ಹಳೆಯ ಪ್ರತಿಯಲ್ಲಿ 255, ಹೊಸ ಪ್ರತಿಯಲ್ಲಿ 0. ದೊಡ್ಡದೇ ಹೊಸದು ಎಂದು ನಂಬಿದರೆ ಯಂತ್ರ ಹಳೆಯ ಪುಟವನ್ನು ಹಿಡಿಯುತ್ತದೆ. ಯೂ-ಬೂಟ್ ಬರೆದವರು ಇದನ್ನು ಮರೆಯಲಿಲ್ಲ. ಒಂದರಲ್ಲಿ 255, ಇನ್ನೊಂದರಲ್ಲಿ 0 ಇದ್ದರೆ 0 ಇರುವುದೇ ಹೊಸದು ಎಂದು ಬೇರೆಯಾಗಿಯೇ ಬರೆದಿದ್ದಾರೆ. ಕೋಡನ್ನು ಚೊಕ್ಕ ಮಾಡುತ್ತೇನೆಂದು ಹೊರಟವರು “ಈ ಎರಡು ಸಾಲು ಏಕೆ?” ಎಂದು ತೆಗೆದುಹಾಕಿದರೆ, ಹತ್ತು ಸಲ ಪರೀಕ್ಷಿಸಿದರೂ ದೋಷ ಕಾಣದು. ಕ್ರಮಸಂಖ್ಯೆ ತಿರುಗುವ ಆ ಒಂದು ಸಲ ಮಾತ್ರ ಕಾಣುತ್ತದೆ. ಹಳೆಯ ಸಾಲು ವಿಚಿತ್ರವಾಗಿ ಕಂಡರೆ ಅದನ್ನು ಅಳಿಸುವ ಮುನ್ನ, ಬರೆದವರು ಏಕೆ ಬರೆದರು ಎಂದು ವಿಚಾರಿಸುವುದು ಲೆಕ್ಕದ ಮನೆಯಲ್ಲಿಯೂ ಒಳ್ಳೆಯ ರೂಢಿಯೇ.

ಐದನೆಯ ಪ್ರಶ್ನೆ: ಯಾರು ತಿದ್ದಬಹುದು?

ಮಸ್ಟರಿನಲ್ಲಿ ಎಲ್ಲ ಮನೆಗಳನ್ನೂ ಎಲ್ಲರೂ ತಿದ್ದುವಂತಿಲ್ಲ. ಈಥ್‌ಅಡ್ರ್ ಎಂಬ ಗುರುತಿನ ಸಂಖ್ಯೆಯನ್ನು ಯೂ-ಬೂಟ್ ಸಾಮಾನ್ಯವಾಗಿ ಒಮ್ಮೆ ಮಾತ್ರ ಬರೆಯಗೊಡುತ್ತದೆ. ಎರಡು ಯಂತ್ರಗಳಿಗೆ ಒಂದೇ ಸಂಖ್ಯೆ ಬಂದರೆ ಜಾಲದಲ್ಲಿ ಒಬ್ಬರ ಕಾಗದ ಇನ್ನೊಬ್ಬರ ಮನೆಗೆ ಹೋಗುತ್ತದೆ. ಮುಂದೆ ಯಾವ ಹೆಸರಿಗೆ ಸಂಖ್ಯೆ ಬರಬೇಕು, ಯಾವುದಕ್ಕೆ ವಿಳಾಸ ಬರಬೇಕು, ಯಾವುದನ್ನು ಓದಬಹುದೇ ಹೊರತು ತಿದ್ದಬಾರದು ಎಂಬ ಗುರುತುಗಳನ್ನೂ ಸೇರಿಸಿದರು. 2020ರಲ್ಲಿ ಇನ್ನೂ ಬಿಗಿಯಾದ ಏರ್ಪಾಡು ಬಂದಿತು: ಉಳಿಸಿದ ಪುಟದಿಂದ ತೆಗೆದುಕೊಳ್ಳಬಹುದಾದ ಹೆಸರುಗಳ ಪಟ್ಟಿಯನ್ನು ಮೊದಲೇ ಕಟ್ಟಿ, ಮಿಕ್ಕದ್ದನ್ನೆಲ್ಲ ಕಾರ್ಖಾನೆಯ ಮೂಲ ಚೀಟಿಯಿಂದಲೇ ತೆಗೆದುಕೊಳ್ಳುವಂತೆ ಮಾಡಬಹುದು.

ಇಷ್ಟು ಬಿಗಿ ಏಕೆಂದರೆ, ಚೀಟಿಯನ್ನು ಹಿಡಿದವರು ಯಂತ್ರವನ್ನೇ ಹಿಡಿದಂತೆ. ಲಿನಕ್ಸಿನ ಮೇಲೆ ಎಷ್ಟು ಭದ್ರವಾದ ರುಜು ಇದ್ದರೂ, ಅದನ್ನು ಪರೀಕ್ಷಿಸು ಎಂಬ ಆಜ್ಞೆಯೇ ಬೂಟ್‌ಸಿಎಂಡಿಯಲ್ಲಿದ್ದರೆ, ಆ ಆಜ್ಞೆಯನ್ನು ಅಳಿಸಿದವರಿಗೆ ರುಜುವಿನ ಹಂಗಿಲ್ಲ. ತಾಳೆ ಸಂಖ್ಯೆ ಇದಕ್ಕೆ ಅಡ್ಡಬರುವುದಿಲ್ಲ. ಸುಳ್ಳು ಪುಟ ಬರೆದವರು ಸುಳ್ಳು ಮೊತ್ತವನ್ನೂ ಸರಿಯಾಗಿಯೇ ಹಾಕಬಲ್ಲರು. ಮೊತ್ತದಿಂದ ಕೈತಪ್ಪು ಸಿಗುತ್ತದೆ, ಕಳ್ಳತನ ಸಿಗುವುದಿಲ್ಲ. ಲೆಕ್ಕ ಬರೆಯುವ ನಮಗೆ ಈ ಭೇದ ಚೆನ್ನಾಗಿ ಗೊತ್ತು.

2017ರ ಪಾಠ

ಈ ವಿಷಯದಲ್ಲಿ ನಿಜವಾಗಿ ನಡೆದ ಒಂದು ಪ್ರಸಂಗವಿದೆ. ಚೀಟಿಯನ್ನು ಗುಪ್ತಲಿಪಿಯಲ್ಲಿ ಬರೆದಿಡುವ ಒಂದು ಏರ್ಪಾಡು ಯೂ-ಬೂಟಿನಲ್ಲಿತ್ತು. ಬಳಸಿದ ಗುಪ್ತಲಿಪಿ ಎಇಎಸ್. ಅದು ಲೋಕವೇ ಒಪ್ಪಿದ, ಗಟ್ಟಿಯಾದ ವಿಧಾನ. ಹೆಸರು ಕೇಳಿದವರಿಗೆ ಧೈರ್ಯ ಬರುತ್ತದೆ. ಆದರೆ 2017ರಲ್ಲಿ ಅದರಲ್ಲಿ ಎರಡು ದೋಷಗಳು ಪ್ರಕಟವಾದವು. ಗುಪ್ತಲಿಪಿಯನ್ನು ಆರಂಭಿಸುವಾಗ ಪ್ರತಿಸಲವೂ ಹೊಸದಾಗಿ ಆರಿಸತಕ್ಕ ಒಂದು ಸಂಖ್ಯೆ ಬೇಕು; ಈ ಕೋಡಿನಲ್ಲಿ ಅದು ಸದಾ ಸೊನ್ನೆಯೇ ಆಗಿತ್ತು. ಹಾಗಾದಾಗ ಒಂದೇ ಬಗೆಯಾಗಿ ಶುರುವಾಗುವ ಪುಟಗಳು ಗುಪ್ತಲಿಪಿಯಲ್ಲಿಯೂ ಒಂದೇ ಬಗೆಯಾಗಿ ಶುರುವಾಗುತ್ತವೆ, ಊಹಿಸುವವರಿಗೆ ದಾರಿಯಾಗುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. ಯಂತ್ರ ಕೈಯಲ್ಲಿದ್ದವರು ಗುಪ್ತಪುಟವನ್ನು ಸ್ವಲ್ಪ ಸ್ವಲ್ಪವೇ ಕೆಡಿಸಿ ಹಾಕಿ, ಯಂತ್ರ ಯಾವಾಗ ಥಟ್ಟನೆ ನಿಂತು ತಪ್ಪಿನ ಸಂದೇಶ ಕೊಡುತ್ತದೆ ಎಂದು ನೋಡುತ್ತ ಹೋದರೆ, ಆ ಉತ್ತರಗಳಿಂದಲೇ ಒಳಗಿನ ಬರಹವನ್ನು ಹೊರತೆಗೆಯಬಹುದಾಗಿತ್ತು. ಮುಂದೆ ಆ ಏರ್ಪಾಡನ್ನೇ ಯೂ-ಬೂಟಿನಿಂದ ತೆಗೆದುಹಾಕಿದರು.

ಇದರಿಂದ ಕಲಿಯತಕ್ಕದ್ದೇನು? ಲಕೋಟೆ ಬೇರೆ, ಅರಗಿನ ಮುದ್ರೆ ಬೇರೆ. ಒಳಗಿರುವುದು ಕಾಣದಂತೆ ಮುಚ್ಚುವುದೊಂದು ಕೆಲಸ. ನಡುದಾರಿಯಲ್ಲಿ ಯಾರೂ ತಿದ್ದಲಿಲ್ಲ ಎಂದು ಸಾಧಿಸುವುದು ಮತ್ತೊಂದು. ದೊಡ್ಡ ಹೆಸರಿನ ವಿಧಾನ ಬಳಸಿದ್ದಾರೆ ಎಂದಮಾತ್ರಕ್ಕೆ ತಾಳೆ ನೋಡುವವರು ಕಣ್ಣು ಮುಚ್ಚುವಂತಿಲ್ಲ. “ಆ ಸಂಖ್ಯೆ ಎಲ್ಲಿಂದ ಬರುತ್ತದೆ? ತಪ್ಪಾದಾಗ ಯಂತ್ರ ಏನು ಹೇಳುತ್ತದೆ?” ಎಂದು ಎರಡು ಸಾದಾ ಪ್ರಶ್ನೆ ಕೇಳಬೇಕು. ಸಾದಾ ಪ್ರಶ್ನೆ ಕೇಳಲು ನಾಚಿಕೊಂಡ ಕಡೆ ದೋಷ ಮನೆ ಮಾಡುತ್ತದೆ.

ರುಜುವಿನ ಬೆಲೆ

ಈ ಕೆಲಸದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ತಿದ್ದುಪಡಿಯ ಕೆಳಗೆ ಬರೆದವರ ಹೆಸರು ಇರುತ್ತದೆ. ತಾಳೆ ನೋಡಿದವರು, ಯಂತ್ರದಲ್ಲಿ ಪರೀಕ್ಷಿಸಿದವರು ತಮ್ಮ ಹೆಸರುಗಳನ್ನು ಬೇರೆ ಬೇರೆಯಾಗಿ ಸೇರಿಸುತ್ತಾರೆ. ಅವು ಅಳಿಯುವುದಿಲ್ಲ. ಹತ್ತು ವರ್ಷದ ಮೇಲೆ ಯಾರೇ ಆಗಲಿ ಆ ಸಾಲನ್ನು ನೋಡಿ ಇವರು ನೋಡಿದ್ದರು ಎಂದು ಹೇಳಬಹುದು. ಪರೀಕ್ಷಿಸಿದ್ದೇನೆ ಎಂಬುದೂ ತಾಳೆ ನೋಡಿದ್ದೇನೆ ಎಂಬುದೂ ಒಂದೇ ಅಲ್ಲ ಎಂಬುದನ್ನು ಗಮನಿಸಿ. ಪರೀಕ್ಷೆ ಎಂದರೆ ನಡೆಯಿತು ಎಂಬ ಸಾಕ್ಷಿ. ತಾಳೆ ಎಂದರೆ ನಡೆಯದಿರುವ ಸಂದರ್ಭಗಳನ್ನು ಯೋಚಿಸಿದ್ದೇನೆ ಎಂಬ ಮಾತು. 255 ಆದ ಮೇಲೆ ಏನು ಎಂಬುದು ಯೋಚನೆಗೆ ಸಿಗುವಷ್ಟು ಬೇಗ ಪರೀಕ್ಷೆಗೆ ಸಿಗುವುದಿಲ್ಲ.

ನೋಡದೆ ರುಜು ಹಾಕುವ ಚಾಳಿ ಎಲ್ಲ ಕಚೇರಿಗಳಲ್ಲಿಯೂ ಇದೆ. “ಅವರು ಒಳ್ಳೆಯ ಎಂಜಿನಿಯರು, ಅವರದರಲ್ಲಿ ತಪ್ಪಿರುವುದುಂಟೇ?” ಎನ್ನುವುದು ಮರ್ಯಾದೆಯಂತೆ ಕಾಣುತ್ತದೆ, ನಿಜವಾಗಿ ಅದು ಸೋಮಾರಿತನ. ಇನ್ನೊಂದು ತುದಿಯ ಚಾಳಿಯೂ ಇದೆ: ಅಕ್ಷರ ಓರೆಯಾಯಿತು, ಸಾಲು ಉದ್ದವಾಯಿತು ಎಂದು ಹತ್ತು ಕೊಂಕು ತೆಗೆದು, ವಿದ್ಯುತ್ ಹೋದರೆ ಏನು ಎಂಬ ಒಂದು ಪ್ರಶ್ನೆಯನ್ನು ಬಿಡುವುದು. ತಾಳೆ ನೋಡುವುದು ಬರೆದವರನ್ನು ಸಣ್ಣವರನ್ನಾಗಿ ಮಾಡಲಿಕ್ಕಲ್ಲ. ಬರೆದವರೂ ನೋಡುವವರೂ ಒಂದೇ ಕಡೆಯವರು. ಅವರ ಎದುರು ಇರುವುದು ದೋಷ ಮಾತ್ರ. ಈ ಮಾತನ್ನು ನಮ್ಮ ತರುಣರು ಮನಸ್ಸಿನಲ್ಲಿಟ್ಟುಕೊಂಡರೆ ಎಲ್ಲಿ ಹೋದರೂ ಅವರಿಗೆ ಗೌರವ ಸಿಗುತ್ತದೆ.

ನಮ್ಮ ಕೈಯಲ್ಲಿರುವುದು

ಕಡೆಯದಾಗಿ, ಈ ಕೆಲಸ ಮಾಡದ ನಾವೂ ಮಾಡಬಹುದಾದ ಮೂರು ಸಂಗತಿಗಳಿವೆ. ಒಂದು: ಕೊಠಡಿಯ ರೂಟರಾಗಲಿ, ಗಿರಣಿಯ ಯಂತ್ರವಾಗಲಿ, ತನ್ನ ಪ್ರೋಗ್ರಾಂ ಬದಲಿಸಿಕೊಳ್ಳುತ್ತಿರುವಾಗ, ಹೊಸ ವಿವರಗಳನ್ನು ಉಳಿಸುತ್ತಿರುವಾಗ, ತಡವಾಯಿತೆಂದು ಪ್ಲಗ್ ಕೀಳಬಾರದು. ಎರಡು: ಅದರಲ್ಲಿ ಹಾಕಿದ ವಿಳಾಸ, ಸಂಖ್ಯೆ ಮೊದಲಾದವನ್ನು ಒಂದು ನೋಟುಪುಸ್ತಕದಲ್ಲಿ ಬರೆದು ತಾರೀಖು ಹಾಕಿಡಬೇಕು; ಯಂತ್ರ ಮೂಲ ಚೀಟಿಗೆ ಹೋದರೂ ಹತ್ತು ನಿಮಿಷದಲ್ಲಿ ಸರಿಪಡಿಸಬಹುದು. ಮೂರು: ಕೂಲಿಗೆ ಸಂಬಂಧಪಟ್ಟ ಯಂತ್ರ ಎಷ್ಟೇ ಹೊಸದಾಗಿರಲಿ, ಕೈಬರಹದ ಹಾಜರಿಯನ್ನು ಬಿಡಬಾರದು. ಯೂ-ಬೂಟಿಗೇ ಎರಡು ಪ್ರತಿ ಬೇಕಾಗಿರುವಾಗ ನಮಗೆ ಒಂದು ಸಾಕೆ?

ಮುಂದಿನ ತಿಂಗಳಿನಿಂದ ಭಾನುವಾರ ಸಂಜೆ ಇದೇ ಮೇಜಿನಲ್ಲಿ ಆಸಕ್ತಿಯುಳ್ಳ ತರುಣರು ಕುಳಿತು ಯೂ-ಬೂಟಿನ ಕೋಡಿನ ಒಂದೊಂದು ಪುಟವನ್ನು ಓದಬೇಕೆಂದು ಸಲಹೆ ಬಂದಿದೆ. ಅದು ಉಚಿತ, ನಮ್ಮ ವಾಚನಾಲಯವೂ ಉಚಿತ. ಜೋಡಿ ಸರಿಯಾಗಿಯೇ ಇದೆ. ಮೆಟ್ರಿಕ್ ಮಾಡಿದವರು ಹಿಂಜರಿಯಬೇಕಾಗಿಲ್ಲ. ಕೋಡು ಬರೆಯಲು ವರ್ಷಗಟ್ಟಲೆ ಕಲಿಯಬೇಕು, ನಿಜ. ಆದರೆ “ಇಲ್ಲಿ ವಿದ್ಯುತ್ ಹೋದರೆ?” ಎಂದು ಕೇಳಲು, ನಮ್ಮ ಹಾಗೆ ಬೇಸಗೆಯಲ್ಲಿ ಸೆಕೆಯಲ್ಲಿ ಕುಳಿತು ಲೆಕ್ಕ ಬರೆದವರಿಗಿಂತ ಅರ್ಹರು ಯಾರಿದ್ದಾರೆ?